ಬೆಡ್‌ಫರ್ಡ್ ಸ್ಕ್ವೇರ್: ಐವತ್ತು ಮನೆಗಳಿಗೆ ಅರಮನೆಯ ಮುಖ ಬಂದದ್ದು ಹೇಗೆ?

ಪ್ರಶ್ನೆ: ಮಗಳು ಲಂಡನ್ನಿನಲ್ಲಿ ಓದುತ್ತಿದ್ದಾಳೆ. ಅವಳನ್ನು ನೋಡಲು ಹೋದಾಗ ಬ್ರಿಟಿಷ್ ಮ್ಯೂಸಿಯಂ ಹತ್ತಿರ ಬೆಡ್‌ಫರ್ಡ್ ಸ್ಕ್ವೇರ್ ಅನ್ನೋ ಜಾಗ ನೋಡಿದೆವು. ನಡುವೆ ಪಾರ್ಕು, ಸುತ್ತ ನಾಲ್ಕೂ ಕಡೆ ಒಂದೇ ತರಹದ ಇಟ್ಟಿಗೆ ಮನೆಗಳು. ದೂರದಿಂದ ಒಂದೊಂದು ಸಾಲೂ ಒಂದೊಂದು ಅರಮನೆಯ ಹಾಗೆ ಕಾಣುತ್ತದೆ. ಜಾರ್ಜಿಯನ್ ಕಾಲದ್ದು ಅಂತ ಮಗಳು ಹೇಳಿದಳು. ಕಟ್ಟಿಸಿದ್ದು ಯಾರು, ರಾಜಮನೆತನದವರಾ? ಇನ್ನೂರು ವರ್ಷ ದಾಟಿದ ಮನೆಗಳು ಹೀಗೆ ಸಾಲಾಗಿ ಉಳಿದದ್ದು ಹೇಗೆ? ಮೇಲೆ ಹೋದಂತೆ ಕಿಟಕಿ ಚಿಕ್ಕದಾಗುವುದು ಯಾಕೆ? ಒಂದು ಮನೆ ಮೇಲೆ ರಾಮಮೋಹನ ರಾಯರ ಹೆಸರಿನ ಫಲಕ ಇತ್ತು, ಅವರು ನಮ್ಮ ಪಠ್ಯಪುಸ್ತಕದ ರಾಯರೇನಾ? ಇನ್ನೊಂದು, ಪಾರ್ಕಿಗೆ ಬೀಗ ಯಾಕೆ?

ಉತ್ತರ: ಮೊದಲು ಸುಲಭದ್ದು ಹೇಳಿಬಿಡುತ್ತೇನೆ. ಹೌದು, ಅವರೇ ರಾಯರು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದನ್ನು ಎರಡು ಸಾಲಿನಲ್ಲಿ ಮುಗಿಸಲು ನನಗೆ ಮನಸ್ಸಿಲ್ಲ.

ರಾಜಮನೆತನ ಕಟ್ಟಿಸಿದ್ದಲ್ಲ. 1714ರಿಂದ 1830ರವರೆಗೆ ಇಂಗ್ಲೆಂಡನ್ನು ಆಳಿದ ನಾಲ್ಕೂ ರಾಜರ ಹೆಸರು ಜಾರ್ಜ್, ಹಾಗಾಗಿ ಆ ಕಾಲದ ಕಟ್ಟಡಗಳಿಗೆ ಜಾರ್ಜಿಯನ್ ಅನ್ನುತ್ತಾರೆ. ಅಷ್ಟೇ ಸಂಬಂಧ. ಬೆಡ್‌ಫರ್ಡ್ ಸ್ಕ್ವೇರ್ ಎದ್ದದ್ದು 1775ರಿಂದ 1783ರ ನಡುವೆ, ಮೂರನೇ ಜಾರ್ಜ್ ಕಾಲದಲ್ಲಿ. ಜಮೀನು ರಸೆಲ್ ಮನೆತನದ್ದು, ಅಂದರೆ ಬೆಡ್‌ಫರ್ಡಿನ ಡ್ಯೂಕ್‌ಗಳದ್ದು. ಮನೆ ಕಟ್ಟಿದವರು ಲಾಭಕ್ಕೆ ಕೈಹಾಕಿದ ಸಾಮಾನ್ಯ ಬಿಲ್ಡರ್‌ಗಳು. ಹಾಗಾದರೆ ಅರಮನೆಯ ಹಾಗೆ ಕಾಣುವುದು ಯಾಕೆ? ಒಂದು ಕರಾರು ಪತ್ರದಿಂದ. ಇಡೀ ಸ್ಕ್ವೇರನ್ನು ಇಟ್ಟಿಗೆಗಿಂತ ಜಾಸ್ತಿ ಹಿಡಿದು ನಿಲ್ಲಿಸಿರುವುದು ಆ ಕಾಗದವೇ ಅಂತ ನಾನು ನಂಬಿದ್ದೇನೆ. ನಿಮ್ಮ ಅರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಇದೆ.

ಜಮೀನಿನ ಕತೆ ಒಂದು ಮದುವೆಯಿಂದ ಶುರುವಾಗುತ್ತದೆ. ಈ ಸ್ಕ್ವೇರ್ ಇರುವ ಪ್ರದೇಶಕ್ಕೆ ಬ್ಲೂಮ್ಸ್‌ಬರಿ ಅಂತ ಹೆಸರು. ಅಲ್ಲಿನ ಹೊಲಗಳು ಸೌತಾಂಪ್ಟನ್ನಿನ ಅರ್ಲ್ ಒಬ್ಬರ ಕೈಯಲ್ಲಿದ್ದವು. ಅವರು 1660ರ ದಶಕದ ಮೊದಲಲ್ಲೇ ತಮ್ಮ ಬಂಗಲೆ ಮುಂದೆ ಒಂದು ಚೌಕ ಬಿಟ್ಟು, ಸುತ್ತ ಮನೆ ಕಟ್ಟಲು ಜಾಗ ಕೊಟ್ಟಿದ್ದರು. ಅದೇ ಇವತ್ತಿನ ಬ್ಲೂಮ್ಸ್‌ಬರಿ ಸ್ಕ್ವೇರ್. ಅವರ ಮಗಳು ರೇಚಲ್ 1669ರಲ್ಲಿ ವಿಲಿಯಂ ರಸೆಲ್‌ನನ್ನು ಮದುವೆಯಾದಳು. ಆತನನ್ನು 1683ರಲ್ಲಿ ರಾಜದ್ರೋಹದ ಆರೋಪದ ಮೇಲೆ ಶಿರಚ್ಛೇದ ಮಾಡಿದರು, ಆದರೆ ಜಮೀನು ಮಾತ್ರ ರಸೆಲ್ ಮನೆತನದಲ್ಲೇ ಉಳಿಯಿತು. ಸುಮಾರು ನೂರು ವರ್ಷ ಅದರಲ್ಲಿ ಬಹುಪಾಲು ಹುಲ್ಲುಗಾವಲಾಗಿಯೇ ಇತ್ತು.

1771ರಲ್ಲಿ ನಾಲ್ಕನೇ ಡ್ಯೂಕ್ ತೀರಿಕೊಂಡರು. ಮಗ ಮೊದಲೇ ಹೋಗಿದ್ದ. ಪಟ್ಟಕ್ಕೆ ಬಂದ ಮೊಮ್ಮಗ ಫ್ರಾನ್ಸಿಸ್ ಇನ್ನೂ ಚಿಕ್ಕ ಹುಡುಗ. ಆಸ್ತಿಯ ಜವಾಬ್ದಾರಿ ಅಜ್ಜಿಯ ಮೇಲೆ, ಅಂದರೆ ಡಚೆಸ್ ಗರ್ಟ್ರೂಡ್ ಮತ್ತು ಟ್ರಸ್ಟಿಗಳ ಮೇಲೆ ಬಿತ್ತು. ಅವರಿಗೆ ರಾಬರ್ಟ್ ಪಾಮರ್ ಅನ್ನೋ ಏಜೆಂಟ್ ಒಬ್ಬ ಇದ್ದ. ಈ ಅಜ್ಜಿಯ ಕಾಲದಲ್ಲೇ ಹುಲ್ಲುಗಾವಲಿನ ಮೇಲೆ ಸ್ಕ್ವೇರ್ ಎದ್ದದ್ದು. ಸ್ಕ್ವೇರಿನಿಂದ ಉತ್ತರಕ್ಕೆ ಹೋಗುವ ಗೋವರ್ ಸ್ಟ್ರೀಟ್ ಇದೆಯಲ್ಲ, ಅದು ಈಕೆಯ ತವರಿನ ಹೆಸರು. ಸ್ಕ್ವೇರಿನ ಇತಿಹಾಸ ಹೇಳುವವರು ಆರ್ಕಿಟೆಕ್ಟ್ ಯಾರು ಅಂತ ಹುಡುಕಾಡುತ್ತಾರೆ, ಈ ಹೆಂಗಸಿನ ಹೆಸರು ಹೇಳಲು ಮರೆಯುತ್ತಾರೆ. ನನಗದು ಸರಿ ಕಾಣುವುದಿಲ್ಲ.

ಈಗ ಕರಾರಿನ ವಿಷಯ. ನಮ್ಮ ಬೆಂಗಳೂರಿನಲ್ಲಿ ಲೀಸ್ ಅಂದರೆ ಓನರ್ ಕೈಗೆ ದೊಡ್ಡ ಮೊತ್ತ ಕೊಟ್ಟು, ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ದುಡ್ಡು ವಾಪಸ್ ತಗೊಳ್ಳೋದು. ಲಂಡನ್ನಿನ ಲೀಸ್ ಬೇರೆಯೇ ವ್ಯವಸ್ಥೆ. ಜಮೀನಿನ ಯಜಮಾನ ಜಾಗ ಮಾರುವುದಿಲ್ಲ. ಬಿಲ್ಡರ್‌ಗೆ 99 ವರ್ಷಕ್ಕೆ ಗುತ್ತಿಗೆ ಕೊಡುತ್ತಾನೆ. ವರ್ಷಕ್ಕೆ ಇಷ್ಟು ಅಂತ ನೆಲಬಾಡಿಗೆ, ಅದೂ ಕಮ್ಮಿಯೇ. ಕಟ್ಟುವಷ್ಟು ಕಾಲ, ಅಂದರೆ ಮೊದಲ ಒಂದೆರಡು ವರ್ಷ, ಬಾಡಿಗೆ ಹೆಸರಿಗೆ ಮಾತ್ರ. ಬಿಲ್ಡರ್ ತನ್ನ ದುಡ್ಡಿನಲ್ಲಿ, ಜಾಸ್ತಿ ಸಾಲದ ದುಡ್ಡಿನಲ್ಲೇ ಅನ್ನಿ, ಗೋಡೆ ಮಾಡು ಎಬ್ಬಿಸಿ, ಒಳಗಿನ ಕೆಲಸ ಮುಗಿಯುವ ಮುಂಚೆಯೇ ಅದನ್ನು ವಕೀಲರಿಗೋ ವ್ಯಾಪಾರಿಗೋ ಮಾರಿಬಿಡುತ್ತಾನೆ. ಮಾರುವುದು ಮನೆಯನ್ನಲ್ಲ, ಉಳಿದ ವರ್ಷಗಳ ಹಕ್ಕನ್ನು. 99 ವರ್ಷ ಮುಗಿದ ದಿನ ಜಮೀನು, ಮೇಲಿರುವ ಮನೆ ಎರಡೂ ಯಜಮಾನನ ಮೊಮ್ಮಕ್ಕಳ ಕೈಗೆ ವಾಪಸ್. ಯಜಮಾನ ಒಂದು ಇಟ್ಟಿಗೆಗೂ ಖರ್ಚು ಮಾಡದೆ ಊರು ಕಟ್ಟಬಹುದಾದ ದಾರಿ ಇದು.

ಆದರೆ ಮೊಮ್ಮಕ್ಕಳಿಗೆ ಸಿಗುವ ಮನೆ ಗಟ್ಟಿಯಾಗಿರಬೇಕು, ಬೀದಿಗೆ ಮರ್ಯಾದೆ ಇರಬೇಕು ಅಲ್ವಾ? ಅದಕ್ಕೇ ಷರತ್ತುಗಳು. ಬೆಡ್‌ಫರ್ಡ್ ಸ್ಕ್ವೇರಿಗೆ 1776ರಲ್ಲಿ ವಿಲಿಯಂ ಸ್ಕಾಟ್ ಮತ್ತು ರಾಬರ್ಟ್ ಗ್ರೂಸ್ ಅನ್ನೋ ಇಬ್ಬರು ಬಿಲ್ಡರ್‌ಗಳ ಜೊತೆ ಕರಾರು ಆಯಿತು. ಮುಖ ಒಂದೇ ತರ ಇರಬೇಕು ಅನ್ನುವುದು ಅದರ ಜೀವ. ಒಳಗೆ ಯಾರು ಏನು ಬೇಕಾದರೂ ಮಾಡಿಕೊಳ್ಳಲಿ, ಬೀದಿಗೆ ಕಾಣುವ ಗೋಡೆ ಮಾತ್ರ ಯಜಮಾನರ ಇಷ್ಟದ ಪ್ರಕಾರ. ಅಂಗಡಿ ಇಡುವಂತಿಲ್ಲ, ಗಲಾಟೆಯ ಕಸುಬು ನಡೆಸುವಂತಿಲ್ಲ. ವಿನ್ಯಾಸಕ್ಕೆ ಸಾಮಾನ್ಯವಾಗಿ ಥಾಮಸ್ ಲೆವರ್ಟನ್ ಅನ್ನುವ ಆರ್ಕಿಟೆಕ್ಟ್ ಹೆಸರು ಹೇಳುತ್ತಾರೆ. ಆತ ಕೊನೆಗಾಲದಲ್ಲಿ ಇದೇ ಸ್ಕ್ವೇರಿನ 13ನೇ ಮನೆಯಲ್ಲಿದ್ದು 1824ರಲ್ಲಿ ಅಲ್ಲೇ ತೀರಿಕೊಂಡ.

ನಿಮಗೆ ಅರಮನೆಯ ಹಾಗೆ ಕಂಡದ್ದು ಸುಮ್ನೆ ಅಲ್ಲ, ಹಾಗೆ ಕಾಣಲಿ ಅಂತಲೇ ಮಾಡಿದ್ದು. ಪ್ರತಿ ಸಾಲಿನ ನಡುಭಾಗಕ್ಕೆ ಬಿಳಿ ಗಿಲಾವು ಇದೆ, ಗೋಡೆಗೆ ಅಂಟಿದ ಚಪ್ಪಟೆ ಕಂಬಗಳಿವೆ, ಮೇಲೆ ತ್ರಿಕೋನದ ಮುಡಿ ಇದೆ. ಅಕ್ಕಪಕ್ಕದ್ದೆಲ್ಲ ಬರೀ ಇಟ್ಟಿಗೆ. ಹಾಗಾಗಿ ಕಣ್ಣು ನಡುವಿಗೆ ಹೋಗಿ, ಆಚೀಚೆಯವು ಅದರ ರೆಕ್ಕೆಗಳು ಅಂದುಕೊಳ್ಳುತ್ತದೆ. ಇಟಲಿಯ ಅರಮನೆಗಳಿಂದ ಬಂದ ಪಾಠ ಇದು. ಬಾತ್ ಊರಿನಲ್ಲಿ ಜಾನ್ ವುಡ್ ಅನ್ನುವ ಆರ್ಕಿಟೆಕ್ಟ್ 1730ರ ಸುಮಾರಿಗೇ ಕ್ವೀನ್ ಸ್ಕ್ವೇರಿನ ಉತ್ತರದ ಸಾಲಿಗೆ ಮಾಡಿ ತೋರಿಸಿದ್ದ. ಲಂಡನ್ನಿನಲ್ಲಿ ನಾಲ್ಕೂ ಬದಿಗೆ ಅದನ್ನು ಬಿಡದೆ ಸಾಧಿಸಿದ್ದು ಬೆಡ್‌ಫರ್ಡ್ ಸ್ಕ್ವೇರ್.

ಮುಂದಿನ ಸಲ ಹೋದಾಗ ಒಂದು ಕೆಲಸ ಮಾಡಿ. ಪಾರ್ಕಿನ ಬೇಲಿಗೆ ಬೆನ್ನು ಹಾಕಿ ದಕ್ಷಿಣದ ಸಾಲಿನ ನಡುಭಾಗ ನೋಡಿ, 46 ಮತ್ತು 47ನೇ ಮನೆ. ತ್ರಿಕೋನದ ತುದಿಯಿಂದ ಕಣ್ಣು ನೆಟ್ಟಗೆ ಕೆಳಗಿಳಿಸಿ. ಅಲ್ಲಿ ಒಂದು ಕಂಬ ಸಿಗುತ್ತದೆ. ಈ ಶೈಲಿಯ ವ್ಯಾಕರಣದಲ್ಲಿ ಇದು ತಪ್ಪು. ಸರಿಯಾದ ನಡುವಿನಲ್ಲಿ ಬಾಗಿಲೋ ಕಿಟಕಿಯೋ ಇರಬೇಕು, ಕಂಬ ಬರಬಾರದು. ಪೂರ್ವ, ಪಶ್ಚಿಮದ ಸಾಲುಗಳಲ್ಲಿ ನಡುವೆ ಒಂದೇ ದೊಡ್ಡ ಮನೆ ಇರುವುದರಿಂದ ಲೆಕ್ಕ ಸರಿಹೋಗಿದೆ. ಉತ್ತರ, ದಕ್ಷಿಣದಲ್ಲಿ ನಡುವೆ ಇರುವುದು ಜೋಡಿ ಮನೆ. ಎರಡು ಮನೆಗಳ ನಡುವಿನ ಗೋಡೆ ಸರಿಯಾಗಿ ಮಧ್ಯಕ್ಕೆ ಬರುತ್ತದೆ, ಗೋಡೆ ಇರುವ ಕಡೆ ಕಿಟಕಿ ಹೇಗೆ ಕೊರೆಯುವುದು? ಅದಕ್ಕೇ ಅಲ್ಲಿ ಕಂಬ. ವಿಮರ್ಶಕರು ಇದನ್ನು ದೋಷ ಅಂತ ಎತ್ತಿ ಹೇಳುತ್ತಾ ಬಂದಿದ್ದಾರೆ. ನನಗೆ ಮಾತ್ರ ಇಡೀ ಸ್ಕ್ವೇರಿನಲ್ಲಿ ತುಂಬಾ ಇಷ್ಟವಾಗುವ ಜಾಗ ಅದು. ಅರಮನೆಯ ಮುಖದ ಹಿಂದೆ ಇರುವುದು ಬೇರೆ ಬೇರೆ ಸಂಸಾರ ಅಂತ ಆ ಒಂದು ಕಂಬ ಹೇಳಿಬಿಡುತ್ತದೆ.

ಇನ್ನೊಂದು, ಬಾಗಿಲುಗಳು. ಹತ್ತಿರ ಹೋಗಿ ನೋಡಿದ್ದೀರಾ? ಕಮಾನಿನ ಸುತ್ತ ಹುಳು ಕೊರೆದಂತೆ ಕೆತ್ತನೆ ಇರುವ ಬಿಳಿ ತುಂಡುಗಳು, ಒಂದು ಬಿಟ್ಟು ಒಂದು. ನೆತ್ತಿಯಲ್ಲಿ ಗಡ್ಡದ ಮುಖ. ಎಲ್ಲರೂ ಕಲ್ಲು ಅಂದುಕೊಳ್ಳುತ್ತಾರೆ. ಅದು ಕಲ್ಲಲ್ಲ, ಸುಟ್ಟ ಮಣ್ಣು. ಥೇಮ್ಸ್ ನದಿಯ ದಕ್ಷಿಣ ದಡದ ಲ್ಯಾಂಬೆತ್‌ನಲ್ಲಿ ಎಲಿನರ್ ಕೋಡ್ ಅನ್ನುವ ಹೆಂಗಸು 1769ರಿಂದ ಕಾರ್ಖಾನೆ ನಡೆಸುತ್ತಿದ್ದರು. ಅಲ್ಲಿ ತಯಾರಾದ ಮಾಲಿಗೆ ಇವತ್ತಿಗೂ ಕೋಡ್ ಸ್ಟೋನ್ ಅಂತಲೇ ಹೆಸರು. ಒಳ್ಳೆಯ ಜೇಡಿಮಣ್ಣಿಗೆ, ಮೊದಲೇ ಒಮ್ಮೆ ಸುಟ್ಟು ಪುಡಿ ಮಾಡಿದ ಮಣ್ಣು, ಚಕಮಕಿ ಕಲ್ಲಿನ ಪುಡಿ, ಮರಳು, ಗಾಜಿನ ಪುಡಿ ಸೇರಿಸಿ ಕಲಸುತ್ತಿದ್ದರು. ಅಚ್ಚಿಗೆ ಒತ್ತಿ ತೆಗೆದು, ಒಣಗಿಸಿ, ಗೂಡಿನಲ್ಲಿ ಸುಮಾರು ನಾಲ್ಕು ದಿನ ಸುಡುತ್ತಿದ್ದರು. ಮೊದಲೇ ಸುಟ್ಟ ಪುಡಿ ಸೇರಿಸುವುದರಲ್ಲೇ ಗುಟ್ಟು ಇರುವುದು. ಬರೀ ಹಸಿಮಣ್ಣು ಗೂಡಿನಲ್ಲಿ ಕುಗ್ಗಿ ಸೀಳು ಬಿಡುತ್ತದೆ. ಈ ಪುಡಿ ಹಾಕಿದರೆ ಕುಗ್ಗುವುದು ತುಂಬಾ ಕಮ್ಮಿ, ಆಕಾರ ಕೆಡುವುದಿಲ್ಲ. ಗಾಜು ಕರಗಿ ಎಲ್ಲವನ್ನೂ ಬಿಗಿಯಾಗಿ ಹಿಡಿಯುತ್ತದೆ. ಪರಿಣಾಮ ನೀವೇ ನೋಡಿದಿರಿ. ಲಂಡನ್ನಿನ ಕಲ್ಲಿದ್ದಲ ಹೊಗೆಗೆ ಎಷ್ಟೋ ನಿಜವಾದ ಕಲ್ಲಿನ ಕೆತ್ತನೆಗಳು ಸವೆದು ಮೊಂಡಾಗಿವೆ, ಈ ಗಡ್ಡದ ಮುಖಗಳ ಹುಬ್ಬು ಮೀಸೆ ಇವತ್ತಿಗೂ ಚೂಪಾಗಿವೆ.

ಅಚ್ಚು ಇದ್ದದ್ದರಿಂದಲೇ ಐವತ್ತಕ್ಕೂ ಜಾಸ್ತಿ ಬಾಗಿಲಿಗೆ ಒಂದೇ ತರಹದ ಅಲಂಕಾರ ಸಾಧ್ಯವಾಯಿತು. ಒಂದೊಂದನ್ನೂ ಶಿಲ್ಪಿ ಕೂತು ಕಡೆಯಬೇಕಾಗಿದ್ದರೆ ಯಾವ ಬಿಲ್ಡರೂ ಒಪ್ಪುತ್ತಿರಲಿಲ್ಲ, ಕರಾರಿನಲ್ಲಿ ಏನೇ ಬರೆದಿದ್ದರೂ. ಮುಖ ಒಂದೇ ತರ ಇರಬೇಕು ಅನ್ನುವ ಆಸೆ ಹಳೆಯದು, ಅದನ್ನು ಕೈಗೆಟುಕುವ ಬೆಲೆಗೆ ತಂದುಕೊಟ್ಟದ್ದು ಈ ಕೋಡ್ ಮೇಡಂ ಕಾರ್ಖಾನೆ. 1821ರಲ್ಲಿ ಅವರು ತೀರಿಕೊಂಡರು. ಕೆಲವು ದಶಕ ಕಳೆಯುವಷ್ಟರಲ್ಲಿ ಆ ಕಸುಬೇ ನಿಂತುಹೋಯಿತು.

ಇನ್ನು ಕಿಟಕಿಗಳು. ಒಳಗಿನ ಬದುಕು ಹೇಗಿತ್ತೋ ಹೊರಗೆ ಕಿಟಕಿಯೂ ಹಾಗೆ. ನೆಲಮಹಡಿಯಲ್ಲಿ ಊಟದ ಕೋಣೆ. ಮೊದಲ ಮಹಡಿಯಲ್ಲಿ ಅತಿಥಿಗಳನ್ನು ಕೂರಿಸುವ ದೊಡ್ಡ ಹಜಾರ, ಅದಕ್ಕೆ ಎತ್ತರದ ಸೂರು, ಎತ್ತರದ ಕಿಟಕಿ, ಮುಂದೆ ಕಬ್ಬಿಣದ ಬಾಲ್ಕನಿ. ಎರಡನೆಯದರಲ್ಲಿ ಮಲಗುವ ಕೋಣೆ, ಅಲ್ಲಿ ಕಿಟಕಿ ಚಿಕ್ಕದಾಯಿತು. ಅದರ ಮೇಲೆ ಮಕ್ಕಳು ಮತ್ತು ಕೆಲಸದವರು. ಅವರಿಗೆ ಬೆಳಕು ಯಾಕೆ ಅನ್ನುವ ಕಾಲ ಅದು, ಇನ್ನೂ ಚಿಕ್ಕ ಕಿಟಕಿ. ನೋಡಲು ಚೆಂದದ ಅಳತೆ, ನಿಜ. ಆದರೆ ಮೇಲಿನ ಆ ಗೂಡಿನಂಥ ಕೋಣೆಗಳಿಗೆ ದಿನಕ್ಕೆ ಎಷ್ಟೋ ಸಲ ಕಲ್ಲಿದ್ದಲು, ನೀರು ಹೊತ್ತು ಹತ್ತಿದ ಹುಡುಗಿಯರನ್ನು ಮರೆತು ಅಳತೆಯನ್ನಷ್ಟೇ ಹೊಗಳಲು ನನಗೆ ಆಗುವುದಿಲ್ಲ.

ಕಿಟಕಿಯ ಮರದ ಚೌಕಟ್ಟು ಹೊರಗೆ ಹೆಚ್ಚುಕಮ್ಮಿ ಕಾಣುವುದೇ ಇಲ್ಲ, ಗಮನಿಸಿ. ಅದು ಬೆಂಕಿಯ ಕಾನೂನು. 1666ರ ದೊಡ್ಡ ಬೆಂಕಿಯಲ್ಲಿ ಲಂಡನ್ ಸುಟ್ಟುಹೋದ ಮೇಲೆ ಒಂದರ ಹಿಂದೊಂದು ನಿಯಮ ಬಂದವು. ಮನೆಯ ಹೊರಗೋಡೆ ಇಟ್ಟಿಗೆಯದೋ ಕಲ್ಲಿನದೋ ಇರಬೇಕು, ಮಾಡಿನ ಅಂಚಿನಲ್ಲಿ ಮರ ಕಾಣಬಾರದು, ಕಿಟಕಿಯನ್ನು ಗೋಡೆಯಿಂದ ನಾಲ್ಕು ಅಂಗುಲ ಒಳಗೆ ಕೂರಿಸಬೇಕು. ಕೊನೆಗೆ 1774ರ ಕಟ್ಟಡ ಕಾಯ್ದೆ ಚೌಕಟ್ಟನ್ನೇ ಇಟ್ಟಿಗೆ ಹಿಂದೆ ಅಡಗಿಸಿ ಅಂದಿತು. ಅದೇ ಕಾಯ್ದೆ ಮನೆಗಳನ್ನು ನಾಲ್ಕು ದರ್ಜೆ ಮಾಡಿತು. 850 ಪೌಂಡಿಗಿಂತ ಜಾಸ್ತಿ ಬೆಲೆ, 900 ಚದರ ಅಡಿಗಿಂತ ಜಾಸ್ತಿ ಪಾಯ ಇದ್ದರೆ ಮೊದಲ ದರ್ಜೆ. ಒಂದೊಂದು ದರ್ಜೆಗೂ ಗೋಡೆ ಇಷ್ಟು ದಪ್ಪ ಅಂತ ಲೆಕ್ಕ. ಬೆಡ್‌ಫರ್ಡ್ ಸ್ಕ್ವೇರ್ ಶುರುವಾಗಿದ್ದು ಮರುವರ್ಷವೇ. ಆ ಬೋಳು ಇಟ್ಟಿಗೆ ಮುಖ, ಒಳಸೇರಿದ ಗಾಜು, ಇದೆಲ್ಲ ಅರ್ಧ ರುಚಿ, ಅರ್ಧ ಕಾನೂನು.

ಇಂಥ ಹಳೆಯ ಬೀದಿಗಳಲ್ಲಿ ಇಟ್ಟಿಗೆ ತುಂಬಿ ಮುಚ್ಚಿದ ಕಿಟಕಿ ಕಂಡರೆ ಗೈಡುಗಳು ಕಿಟಕಿ ತೆರಿಗೆ ಕತೆ ಹೇಳುತ್ತಾರೆ. ತೆರಿಗೆ ಇದ್ದದ್ದು ನಿಜ, 1696ರಿಂದ 1851ರವರೆಗೆ. ಆದರೆ ಮುಚ್ಚಿದ್ದೆಲ್ಲ ತೆರಿಗೆಗೆ ಹೆದರಿ ಅಲ್ಲ. ಹಿಂದೆ ಹೊಗೆಗೂಡೋ ಮೆಟ್ಟಿಲೋ ಬಂದ ಕಡೆ, ಹೊರಗಿನ ಸಾಲು ತಪ್ಪಬಾರದು ಅಂತ ಮೊದಲ ದಿನದಿಂದಲೇ ಕುರುಡು ಕಿಟಕಿ ಮಾಡುವುದು ರೂಢಿಯಾಗಿತ್ತು.

ಬೀದಿ ಮತ್ತು ಮನೆಯ ನಡುವೆ ಕಬ್ಬಿಣದ ಬೇಲಿ ಹಾಕಿದ ಹಳ್ಳ ಇದೆಯಲ್ಲ, ಕೆಳಗೆ ಅಡುಗೆಮನೆ. ಕಾಲುದಾರಿಯ ಅಡಿಯಲ್ಲಿ ಕಲ್ಲಿದ್ದಲು ತುಂಬುವ ಕಮಾನು ಗೂಡುಗಳು. ಆ ಕಾಲದ ಲಂಡನ್ ಬಿಲ್ಡರ್‌ಗಳು ಪಾಯ ತುಂಬಾ ಆಳ ತೋಡುತ್ತಿರಲಿಲ್ಲ. ಸ್ವಲ್ಪ ತೋಡಿ, ತೆಗೆದ ಮಣ್ಣನ್ನು ಮುಂದೆ ಸುರಿದು ರಸ್ತೆಯನ್ನೇ ಎತ್ತರಿಸಿಬಿಡುತ್ತಿದ್ದರು. ಮುಂದೆ ನೆಲಮಾಳಿಗೆ ಅನಿಸುವುದು ಹಿಂದೆ ಹಿತ್ತಿಲಿಗೆ ಹೆಚ್ಚುಕಮ್ಮಿ ಸಮವಾಗಿ ತೆರೆದುಕೊಳ್ಳುವುದು ಅದಕ್ಕೇ. ಹಿಂದಿನ ಗಲ್ಲಿಯಲ್ಲಿ ಕುದುರೆ ಲಾಯ.

ಇಲ್ಲಿ ಯಾರಿದ್ದರು? ದೊಡ್ಡ ಜಮೀನ್ದಾರರು ಅಷ್ಟು ಹೊತ್ತಿಗೆ ಪಶ್ಚಿಮದ ಮೇಫೇರ್ ಕಡೆ ಹೋಗಿದ್ದರು. ಬ್ಲೂಮ್ಸ್‌ಬರಿಗೆ ಬಂದವರು ದುಡಿದು ಮೇಲೆ ಬಂದವರು, ಅದರಲ್ಲೂ ವಕೀಲರು, ಜಡ್ಜ್‌ಗಳು. ವಕೀಲರ ಹಳೆಯ ಸಂಘವಾದ ಲಿಂಕನ್ಸ್ ಇನ್ ನಡೆದು ಹೋಗುವಷ್ಟು ಹತ್ತಿರ. ಪೂರ್ವದ ಸಾಲಿನ 6ನೇ ಮನೆಯಲ್ಲಿ ಲಾರ್ಡ್ ಎಲ್ಡನ್ ಇದ್ದರು, ಆಗಿನ ಲಾರ್ಡ್ ಚಾನ್ಸಲರ್, ಅಂದರೆ ನ್ಯಾಯಾಂಗದ ಮುಖ್ಯಸ್ಥರು. 1815ರ ಮಾರ್ಚಿನಲ್ಲಿ ಸರ್ಕಾರ ಧಾನ್ಯದ ಬೆಲೆ ಏರುವಂಥ ಕಾಯ್ದೆ ತರಲು ಹೊರಟಿತು. ರೊಟ್ಟಿ ದುಬಾರಿಯಾಗುತ್ತದೆ ಅಂತ ಜನ ಸಿಡಿದೆದ್ದರು. ಗುಂಪು ಎಲ್ಡನ್ ಮನೆಗೆ ನುಗ್ಗಿತು. ಕಿಟಕಿ ಒಡೆದರು, ಮುಂದಿನ ಕಬ್ಬಿಣದ ಬೇಲಿ ಕಿತ್ತು ಅದರಿಂದಲೇ ಬಾಗಿಲು ಮುರಿದರು. ಎಲ್ಡನ್ ಹಿಂಬಾಗಿಲಿನಿಂದ ಬ್ರಿಟಿಷ್ ಮ್ಯೂಸಿಯಂ ತೋಟಕ್ಕೆ ಇಳಿದು, ಅಲ್ಲಿ ಕಾವಲಿದ್ದ ಸೈನಿಕರನ್ನು ಕರೆತಂದರು. ಎಷ್ಟೇ ಕರಾರು ಮಾಡಿ ಬೀದಿಯನ್ನು ಶಿಸ್ತಾಗಿಟ್ಟರೂ ಊರಿನ ಹಸಿವು ಬಾಗಿಲಿಗೆ ಬಂದ ದಿನ ಅದು.

ಗೋವರ್ ಸ್ಟ್ರೀಟ್ ಮೂಲೆಯ 11ನೇ ಮನೆ ವಿಜ್ಞಾನಿ ಹೆನ್ರಿ ಕ್ಯಾವೆಂಡಿಷ್ ಅವರದು. ಭೂಮಿಯ ಸಾಂದ್ರತೆಯನ್ನು ಅಳೆದ ಮನುಷ್ಯ. ಆ ಪ್ರಯೋಗ ನಡೆದದ್ದು ಇಲ್ಲಲ್ಲ, ಕ್ಲ್ಯಾಪಮ್‌ನಲ್ಲಿದ್ದ ಇನ್ನೊಂದು ಮನೆಯಲ್ಲಿ. ಇಲ್ಲಿದ್ದದ್ದು ಅವರ ಗ್ರಂಥಭಂಡಾರ. 35ನೇ ಮನೆಯಲ್ಲಿ ಥಾಮಸ್ ವೇಕ್ಲಿ ಇದ್ದರು. ವೈದ್ಯರು ಇವತ್ತಿಗೂ ಓದುವ ಲ್ಯಾನ್ಸೆಟ್ ಪತ್ರಿಕೆಯನ್ನು 1823ರಲ್ಲಿ ಶುರುಮಾಡಿದವರು.

ಈಗ ರಾಯರು. ಫಲಕ ಇರುವುದು 49ನೇ ಮನೆ ಮೇಲೆ. ರಾಮಮೋಹನ ರಾಯರು 1831ರ ಏಪ್ರಿಲ್‌ನಲ್ಲಿ ಲಿವರ್‌ಪೂಲ್‌ನಲ್ಲಿ ಹಡಗಿಳಿದರು. ಬಂದದ್ದು ಮೊಘಲ್ ಬಾದಶಹ ಎರಡನೇ ಅಕ್ಬರನ ಪ್ರತಿನಿಧಿಯಾಗಿ. ಈಸ್ಟ್ ಇಂಡಿಯಾ ಕಂಪನಿ ಬಾದಶಹನಿಗೆ ಕೊಡುತ್ತಿದ್ದ ಹಣ ಸಾಲದು, ಅದನ್ನು ಏರಿಸಿ ಅಂತ ಕೇಳಲು. ಅವರ ಹೆಸರಿನ ಮುಂದಿನ ರಾಜಾ ಅನ್ನುವ ಬಿರುದು ಆ ಬಾದಶಹನೇ ಕೊಟ್ಟದ್ದು. ಕಲ್ಕತ್ತೆಯಲ್ಲಿ ಅವರಿಗೆ ಡೇವಿಡ್ ಹೇರ್ ಅನ್ನುವ ಗೆಳೆಯರಿದ್ದರು. ಮೂಲತಃ ಗಡಿಯಾರದ ಕಸುಬಿನವರು, 1817ರ ಹಿಂದೂ ಕಾಲೇಜಿನ ಹಿಂದೆ ಇದ್ದವರಲ್ಲಿ ಒಬ್ಬರು. ಆ ಹೇರ್ ಅವರ ಸೋದರರ ಸಂಸಾರ ಬೆಡ್‌ಫರ್ಡ್ ಸ್ಕ್ವೇರಿನಲ್ಲಿತ್ತು. ಲಂಡನ್ನಿನಲ್ಲಿ ರಾಯರಿಗೆ ಮನೆಯಾದದ್ದು ಅದೇ.

ಇದು ಬರೀ ಪ್ರವಾಸ ಆಗಿರಲಿಲ್ಲ. 1829ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಸತಿ ಪದ್ಧತಿ ನಿಷೇಧಿಸಿದ್ದ. ಅದನ್ನು ರದ್ದು ಮಾಡಿ ಅಂತ ಕಲ್ಕತ್ತೆಯ ಸಂಪ್ರದಾಯಸ್ಥರು ಲಂಡನ್ನಿನಲ್ಲಿ ರಾಜನ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿದ್ದರು. ನಿಷೇಧ ಉಳಿಯಬೇಕು ಅಂತ ರಾಯರು ಇಲ್ಲಿ ಓಡಾಡಿದರು, ಬರೆದರು, ಮನವಿ ಕೊಟ್ಟರು. 1832ರಲ್ಲಿ ಪ್ರಿವಿ ಕೌನ್ಸಿಲ್ ಆ ಮೇಲ್ಮನವಿಯನ್ನು ತಳ್ಳಿಹಾಕಿತು. ಮರುವರ್ಷ, 1833ರ ಸೆಪ್ಟೆಂಬರ್ 27ರಂದು, ಬ್ರಿಸ್ಟಲ್‌ಗೆ ಹೋಗಿದ್ದಾಗ ಕಾಯಿಲೆ ಬಿದ್ದು ತೀರಿಕೊಂಡರು. ಭಾರತಕ್ಕೆ ವಾಪಸ್ ಬರಲೇ ಇಲ್ಲ. ಬ್ರಿಸ್ಟಲ್‌ನ ಆರ್ನೋಸ್ ವೇಲ್ ಸ್ಮಶಾನದಲ್ಲಿ ದ್ವಾರಕಾನಾಥ ಠಾಕೂರರು ಕಟ್ಟಿಸಿದ ಛತ್ರಿಯ ಕೆಳಗೆ ಅವರ ಸಮಾಧಿ ಇದೆ. ಲಂಡನ್ನಿನಿಂದ ರೈಲಿನಲ್ಲಿ ಎರಡು ಗಂಟೆಯೊಳಗಿನ ದಾರಿ. ಮಗಳ ಜೊತೆ ಖಂಡಿತ ಹೋಗಿ ಬನ್ನಿ. ಆ ಫಲಕ ಹಾಕಿದ್ದು 1985ರಲ್ಲಿ, ಅವರು ಹೋಗಿ ನೂರೈವತ್ತು ವರ್ಷದ ಮೇಲೆ. ಹಾಕಿದರಲ್ಲ, ಅದು ಸಮಾಧಾನ. ಆ ಮೆಟ್ಟಿಲ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಭಾರತೀಯರು ಇನ್ನೂ ಜಾಸ್ತಿ ಆಗಬೇಕು ಅಂತ ನನ್ನ ಆಸೆ.

ಅಲ್ಲಿಂದ ಎರಡು ಬಾಗಿಲು ಆಚೆ 47. ಮೇಲೆ ಹೇಳಿದೆನಲ್ಲ, ನಡುವೆ ಕಂಬ ಬಂದ ಜೋಡಿಯಲ್ಲಿ ಒಂದು ಮನೆ. 1849ರಲ್ಲಿ ಎಲಿಜಬೆತ್ ಜೆಸರ್ ರೀಡ್ ಅನ್ನುವ ವಿಧವೆ ತಮ್ಮ ದುಡ್ಡು ಹಾಕಿ ಇಲ್ಲಿ ಹೆಣ್ಣುಮಕ್ಕಳಿಗೆ ಕಾಲೇಜು ತೆರೆದರು. ಬ್ರಿಟನ್ನಿನಲ್ಲಿ ಹೆಂಗಸರ ಉನ್ನತ ಶಿಕ್ಷಣಕ್ಕೆ ಅದೇ ಮೊದಲ ಕಾಲೇಜು. ಜಾಗದ ಹೆಸರೇ ಅದಕ್ಕೂ ಬಂತು, ಬೆಡ್‌ಫರ್ಡ್ ಕಾಲೇಜ್. ಪಾಠ ಹೇಳಲು ಗಂಡಸರು ಬರುತ್ತಿದ್ದರು, ಹಾಗಾಗಿ ಹುಡುಗಿಯರ ಜೊತೆ ತರಗತಿಯಲ್ಲಿ ಕೂರಲು ಹಿರಿಯ ಹೆಂಗಸರನ್ನು ನೇಮಿಸಿದ್ದರು. 1874ರಲ್ಲಿ ಕಾಲೇಜು ದೊಡ್ಡ ಜಾಗಕ್ಕೆ ಹೋಯಿತು, 1985ರಲ್ಲಿ ರಾಯಲ್ ಹಾಲೋವೇ ಜೊತೆ ಸೇರಿತು. ನಿಮ್ಮ ಮಗಳು ಇವತ್ತು ಅದೇ ಊರಿನಲ್ಲಿ ಓದುತ್ತಿದ್ದಾಳೆ ಅಂದರೆ, ಅವಳಿಗೆ ಆ ಮನೆಯನ್ನು ತೋರಿಸಲೇಬೇಕು.

ಹೇಗೆ ಉಳಿಯಿತು ಅನ್ನುವುದು ನಿಮ್ಮ ನಿಜವಾದ ಪ್ರಶ್ನೆ. ಬ್ರಿಟಿಷರಿಗೆ ಹಳೆಯದರ ಮೇಲೆ ಪ್ರೀತಿ ಜಾಸ್ತಿ, ಅದಕ್ಕೇ ಉಳಿಸಿಕೊಂಡರು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಐದು ನಿಮಿಷ ಪೂರ್ವಕ್ಕೆ ನಡೆದು ರಸೆಲ್ ಸ್ಕ್ವೇರಿಗೆ ಹೋಗಿ. ಅದೇ ಮನೆತನದ ಜಮೀನು. ಅಜ್ಜಿಯ ಮೊಮ್ಮಗ, ಐದನೇ ಡ್ಯೂಕ್, 1800ರಲ್ಲಿ ತಮ್ಮ ಹಳೆಯ ಬಂಗಲೆಯನ್ನೇ ಕೆಡವಿಸಿ ಅದರ ಹಿಂದಿನ ಹೊಲದಲ್ಲಿ ಬಿಲ್ಡರ್ ಜೇಮ್ಸ್ ಬರ್ಟನ್ ಕೈಲಿ ಆ ಸ್ಕ್ವೇರ್ ಕಟ್ಟಿಸಿದ್ದು. ಪಾರ್ಕಿಗೆ ನಕ್ಷೆ ಹಾಕಿದವರು ಹಂಫ್ರಿ ರೆಪ್ಟನ್. 99 ವರ್ಷದ ಲೀಸ್ ಮುಗಿಯುತ್ತಾ ಬಂದಾಗ, 1890ರ ದಶಕದ ಕೊನೆಗೆ, ಬೆಡ್‌ಫರ್ಡ್ ಎಸ್ಟೇಟಿನವರೇ, ಅಂದರೆ ಡ್ಯೂಕ್‌ಗಳ ಆಸ್ತಿ ನೋಡಿಕೊಳ್ಳುವವರೇ, ಅಲ್ಲಿನ ಮನೆಗಳ ಮುಖಕ್ಕೆ ಕೆಂಪು ಟೆರಾಕೋಟಾ ಅಂಟಿಸಿದರು, ಅದು ಆಗಿನ ಫ್ಯಾಷನ್. ಪೂರ್ವದ ಬದಿಯಲ್ಲಿ ಎದ್ದ ಭಾರೀ ಕೆಂಪು ಹೋಟೆಲ್ಲಿನ ಆರ್ಕಿಟೆಕ್ಟ್ ಚಾರ್ಲ್ಸ್ ಫಿಟ್ಜ್‌ರಾಯ್ ಡಾಲ್, ಬೆಡ್‌ಫರ್ಡ್ ಎಸ್ಟೇಟಿನದೇ ಸರ್ವೇಯರ್. ಹಳೆಯದನ್ನು ಕಾಯುವ ಕಾಗದವೇ ಹಳೆಯದನ್ನು ಬದಲಿಸಲೂ ಬಂತು.

ಇನ್ನು ಎಸ್ಟೇಟ್ ಜಮೀನು ಮಾರಿದ ಕಡೆ ಏನಾಯಿತು? ಬ್ರಿಟಿಷ್ ಮ್ಯೂಸಿಯಂ ಉತ್ತರಕ್ಕೆ ಬೆಳೆದು 1914ರಲ್ಲಿ ಹೊಸ ಗ್ಯಾಲರಿಗಳನ್ನು ತೆರೆಯಿತು, ಅದಕ್ಕೆ ಒಂದಿಷ್ಟು ಮನೆಗಳು ಹೋದವು. 1927ರಲ್ಲಿ ರಾಕ್‌ಫೆಲ್ಲರ್ ಫೌಂಡೇಶನ್ ನೆರವಿನಿಂದ ಲಂಡನ್ ವಿಶ್ವವಿದ್ಯಾಲಯ ದೊಡ್ಡ ಜಾಗವನ್ನೇ ಕೊಂಡುಕೊಂಡಿತು. ಬೆಡ್‌ಫರ್ಡ್ ಸ್ಕ್ವೇರಿನಿಂದ ಕಾಣುವ ಬಿಳಿಯ ಎತ್ತರದ ಸೆನೆಟ್ ಹೌಸ್ ಎದ್ದದ್ದು ಆ ಜಾಗದಲ್ಲಿ. ಟಾರಿಂಗ್ಟನ್ ಸ್ಕ್ವೇರ್ ಬಹುಪಾಲು ಹೋಯಿತು, ವೋಬರ್ನ್ ಸ್ಕ್ವೇರಿನಲ್ಲೂ ಸಾಲುಮನೆಗಳು ಉರುಳಿದವು. ಜಾರ್ಜಿಯನ್ ಕಟ್ಟಡಗಳ ಪರವಾಗಿ ಹೋರಾಡಲು ಜಾರ್ಜಿಯನ್ ಗ್ರೂಪ್ ಅನ್ನುವ ಸಂಸ್ಥೆ 1937ರಲ್ಲಿ ಹುಟ್ಟಿದ್ದು ಲಂಡನ್ನಿನಲ್ಲಿ ಇಂಥ ಕೆಡವಾಟ ಜೋರಾಗಿದ್ದಾಗಲೇ.

ಬೆಡ್‌ಫರ್ಡ್ ಸ್ಕ್ವೇರ್ ಮಾತ್ರ ಈ ಎರಡರಿಂದಲೂ ತಪ್ಪಿಸಿಕೊಂಡಿತು. ಎಸ್ಟೇಟ್ ಇದನ್ನು ತುಂಡು ಮಾಡಿ ಮಾರಲಿಲ್ಲ. ಸಂಸಾರಗಳು ಬಿಟ್ಟುಹೋದ ಮೇಲೂ ಮನೆಗಳು ಖಾಲಿ ಬೀಳಲಿಲ್ಲ. ಅವಕ್ಕೆ ತಕ್ಕ ಬಾಡಿಗೆದಾರರು ಸಿಕ್ಕರು. ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆ 1917ರಲ್ಲಿ ಬಂದು 34ರಿಂದ 36ನೇ ಮನೆಗಳಲ್ಲಿ ನೆಲೆಸಿತು, ಇವತ್ತಿಗೂ ಅಲ್ಲೇ ಇದೆ. ಆಮೇಲೆ ಪ್ರಕಾಶಕರು ಸಾಲುಸಾಲಾಗಿ ಬಂದರು. ಪ್ರಕಾಶನ ಸಂಸ್ಥೆಗೆ ಬೇಕಾದದ್ದು ಚಿಕ್ಕ ಚಿಕ್ಕ ಕೋಣೆ, ಒಂದು ಚೆಂದದ ಹಜಾರ, ಬಾಗಿಲಲ್ಲಿ ಒಂದು ಹಿತ್ತಾಳೆ ಫಲಕ. ಗೋಡೆ ಒಡೆಯುವ ಅಗತ್ಯವೇ ಬೀಳಲಿಲ್ಲ. ಹಳೆಯ ಮನೆಯನ್ನು ಉಳಿಸುವುದು ಅದರ ಕೋಣೆಗಳ ಅಳತೆಗೆ ಹೊಂದುವ ಕೆಲಸ, ಇದನ್ನು ನಾನು ಕಟ್ಟಡ ಸಂರಕ್ಷಣೆಯ ಕೆಲಸದಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಕೊನೆಗೆ ಸರ್ಕಾರದ ರಕ್ಷಣೆಯೂ ಬಂತು. ಸ್ಕ್ವೇರಿನ ಸುತ್ತಲಿನ ಸಾಲುಗಳು ಈಗ ಗ್ರೇಡ್ 1 ಪಟ್ಟಿಯಲ್ಲಿವೆ, ಅದು ಇಂಗ್ಲೆಂಡಿನ ಅತಿ ಮೇಲಿನ ದರ್ಜೆ. ಆದರೆ ಆ ಪಟ್ಟಿ ಬರುವ ಹೊತ್ತಿಗೆ ಉಳಿಸಬೇಕಾದದ್ದು ಆಗಲೇ ಉಳಿದಾಗಿತ್ತು.

ಪಾರ್ಕಿನ ಬೀಗವೂ ಅದೇ ಕಾಗದದ ಮುಂದುವರಿಕೆ. ಅದು ಊರಿನ ಪಾರ್ಕಲ್ಲ, ಎಸ್ಟೇಟಿನ ಖಾಸಗಿ ತೋಟ. ಸುತ್ತಲಿನ ಮನೆಯವರಿಗೆ ಮಾತ್ರ ಬೀಗದಕೈ. ಒಂದು ಕಾಲದಲ್ಲಿ ಬೀದಿಗಳಿಗೂ ಹೀಗೇ ಗೇಟು ಇದ್ದವು. ಬ್ಲೂಮ್ಸ್‌ಬರಿಯ ರಸ್ತೆಗಳ ತುದಿಯಲ್ಲಿ ಬೆಡ್‌ಫರ್ಡ್ ಎಸ್ಟೇಟಿನವರು ಗೇಟು ಹಾಕಿಸಿ ಕಾವಲಿನವರನ್ನು ಇಟ್ಟು ಸಾಮಾನಿನ ಗಾಡಿಗಳನ್ನು ತಡೆಯುತ್ತಿದ್ದರು. ಊರಿನವರು ಸಾಕಷ್ಟು ಜಗಳ ಆಡಿದ ಮೇಲೆ 1893ರಲ್ಲಿ ಅವನ್ನು ಕೀಳಿಸಲಾಯಿತು. ತೋಟದ ಬೇಲಿ ಮಾತ್ರ ಉಳಿಯಿತು. ಅದರ ಬಗ್ಗೆ ನನಗೆ ಬೇಸರ ಇದೆ. ಅಷ್ಟು ಎತ್ತರದ ಪ್ಲೇನ್ ಮರಗಳ ನೆರಳು ಬೀಗದೊಳಗೆ ಇರುವುದು ಸರಿಯಲ್ಲ.

ಒಳಗೆ ಹೋಗಲು ಒಂದು ದಾರಿ ಇದೆ. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಜೂನ್‌ನಲ್ಲಿ, ಲಂಡನ್ನಿನ ಖಾಸಗಿ ತೋಟಗಳನ್ನು ಒಂದು ವಾರಾಂತ್ಯ ಜನರಿಗೆ ತೆರೆಯುತ್ತಾರೆ. ಆ ವರ್ಷದ ಪಟ್ಟಿಯಲ್ಲಿ ಬೆಡ್‌ಫರ್ಡ್ ಸ್ಕ್ವೇರ್ ಇದೆಯಾ ಅಂತ ಮಗಳಿಗೆ ನೋಡಿಕೊಳ್ಳಲು ಹೇಳಿ. ಇದ್ದರೆ ಬೆಳಿಗ್ಗೆಯೇ ಹೋಗಲಿ, ಆಗ ಪಶ್ಚಿಮದ ಸಾಲಿನ ಮೇಲೆ ಬಿಸಿಲು ಬಿದ್ದಿರುತ್ತದೆ. ತೋಟದ ನಡುವಿನಿಂದ ನೋಡಿದರೆ ಅಕ್ಕಪಕ್ಕದ ವಾಹನಗಳು ಮರೆಯಾಗಿ ಮನೆಗಳ ಸಾಲು ಪೂರ್ತಿ ಕಾಣುತ್ತದೆ. ಫೋಟೋ ತೆಗೆಯುವುದಾದರೆ 32ನೇ ಮನೆಯನ್ನು ನಡುವಿಗೆ ಇಟ್ಟುಕೊಳ್ಳಲಿ. ಪಶ್ಚಿಮದ ಸಾಲಿಗೆ ಅದೇ ಕೇಂದ್ರ, ಅಲ್ಲಿ ತ್ರಿಕೋನದ ಕೆಳಗೆ ಕಂಬ ಅಡ್ಡ ಬರುವುದಿಲ್ಲ.